ಮಗ್ಗ ನಿಂತ ಹೊತ್ತಿನ ಪಾಠಗಳು

ಬೆಟಗೇರಿಯ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಒಂದೋ ಕೂಗಬೇಕು, ಇಲ್ಲವೇ ಬರೀ ತುಟಿ ಆಡಿಸಬೇಕು. ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ವಿದ್ಯುತ್ ಮಗ್ಗಗಳಿದ್ದವು. ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದ್ದವು. ಬೆಳಿಗ್ಗೆ ಅವು ಸುರುವಾದವೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತಿದ್ದವು. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಕೆ ಪಡಸಾಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತುತ್ತ, ಒಲೆಯ ಮುಂದೆ ನಿಂತ ಅವ್ವನೊಂದಿಗೆ ಸದ್ದೇ ಇಲ್ಲದೆ ಜಗಳಾಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದದ್ದು, ಹಾಲು ಉಕ್ಕಿದ್ದು, ತವರಿಗೆ ಹೋದವಳು ಒಂದು ದಿನ ತಡಮಾಡಿ ಬಂದದ್ದು, ಎಲ್ಲವೂ ತುಟಿಯಲ್ಲೇ ನಡೆಯುತ್ತಿತ್ತು. ಹೊರಗಿನಿಂದ ಬಂದವರಿಗೆ ಇಬ್ಬರು ಹೆಂಗಸರು ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತಿತ್ತು. ನನಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ತುಟಿಯ ಮಾತಿಗೆ ಏರಿಳಿತ ಇರುವುದಿಲ್ಲ. ಅದು ಸಿಟ್ಟೋ ಚೇಷ್ಟೆಯೋ ಎಂಬುದನ್ನು ಕಣ್ಣು ನೋಡಿ ತಿಳಿಯಬೇಕು. ಎದುರಿಗಿರುವವರ ಮುಖವನ್ನು ಬಹಳ ಹೊತ್ತು, ರೆಪ್ಪೆ ಬಡಿಯದೆ ನೋಡುವ ಅಭ್ಯಾಸ ನನಗೆ ಆಗ ಬಂದದ್ದು. ಈಗಲೂ ಹೊಸಬರಿಗೆ ಅದರಿಂದ ಕಸಿವಿಸಿಯಾಗುತ್ತದೆ.

ಅವ್ವ ಗದಗಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಾನೂ ಅಲ್ಲೇ ಓದುತ್ತಿದ್ದೆ. ಅದೇ ಸಂಸ್ಥೆಯ ಶಾಲೆಗಳು ಶಿರಹಟ್ಟಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಮುಂಡರಗಿಯಲ್ಲಿ ಇದ್ದವು. ಮನೆಯಲ್ಲಿ ದನಿಯೇ ಇಲ್ಲದಂತೆ ಬದುಕುತ್ತಿದ್ದ ಅವ್ವನಿಗೆ ತರಗತಿಯಲ್ಲಿ ಬೇರೆಯದೇ ದನಿ ಇತ್ತು. ದೊಡ್ಡದಲ್ಲ, ಆದರೆ ಹಿಂದಿನ ಬೆಂಚಿನವರೆಗೂ ಸರಾಗವಾಗಿ ಹೋಗಿ ಮುಟ್ಟುತ್ತಿತ್ತು. ಅವಳ ಪಾಠದಲ್ಲಿ ಒಂದು ಪದ್ಧತಿ ಇತ್ತು. ಲೆಕ್ಕದ ಒಂದು ಮೆಟ್ಟಿಲು ಬಿಡಿಸಿದ ಮೇಲೆ "ಹೌದಲ್ಲೋ? ಇನ್ನ ಮುಂದ ಏನ ಬರತೈತಿ?" ಎಂದು ಕೇಳುವಳು, ಕೇಳಿ ಸುಮ್ಮನೆ ನಿಲ್ಲುವಳು. ಯಾರನ್ನೂ ಹೆಸರು ಹಿಡಿದು ಎಬ್ಬಿಸುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದ ಕೈಯನ್ನು ಇಳಿಬಿಟ್ಟು ಮುಖಗಳನ್ನು ನೋಡುತ್ತಿದ್ದಳು. ಎಲ್ಲರಿಗಿಂತ ತಡವಾಗಿ ತಿಳಿಯುವವರು ಯಾರೆಂದು ಅವಳಿಗೆ ಗೊತ್ತಿತ್ತು. ಆ ಮುಖ ಬದಲಾಗುವ ತನಕ ಪಾಠ ಮುಂದೆ ಹೋಗುತ್ತಿರಲಿಲ್ಲ. ಆ ಮುಖ ಬಹಳ ಸಲ ನನ್ನದೇ ಆಗಿರುತ್ತಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವ್ವನ ಗಂಟಲಲ್ಲಿ ಗಂಟೊಂದು ಬಂತು. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯತೊಡಗಿತು. ಹುಬ್ಬಳ್ಳಿಯ ಡಾಕ್ಟರು ಅದನ್ನು ತೆಗೆಯಲೇಬೇಕು ಎಂದರು. ದನಿಯ ನರ ಅದರ ಕೆಳಗೇ ಸಿಕ್ಕಿಕೊಂಡಿದೆ, ತೆಗೆದ ಮೇಲೆ ದನಿ ಉಳಿದೀತು, ಉಳಿಯದೆಯೂ ಇದ್ದೀತು, ತಾನು ಮಾತು ಕೊಡಲಾರೆ ಎಂದೂ ಹೇಳಿದರು. ಅವ್ವ ಬೇಸಿಗೆಯ ಸೂಟಿಯ ತನಕ ಗಡುವು ಕೇಳಿಕೊಂಡಳು. ಮನೆಗೆ ಬಂದು ಕೈಕಾಲು ತೊಳೆದು, ಪಡಸಾಲೆಯಲ್ಲಿ ಕೂತು, ಹತ್ತನೆಯ ತರಗತಿಯ ಗಣಿತವನ್ನೆಲ್ಲ ಅಷ್ಟರೊಳಗೆ ಫೋನಿನಲ್ಲಿ ಹಿಡಿದಿಡುವೆ ಎಂದಳು. ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಆ ವರ್ಷವಷ್ಟೇ ದೊಡ್ಡ ಟಿವಿಯೊಂದನ್ನು ಕೊಟ್ಟಿದ್ದರು. ಅದನ್ನು ಹತ್ತನೆಯ ತರಗತಿಯ ಗೋಡೆಗೆ ತೂಗುಹಾಕಿ, ಸ್ಮಾರ್ಟ್ ಕ್ಲಾಸ್ ಎಂದು ಬಾಗಿಲ ಮೇಲೆ ಬರೆಸಿದ್ದರು. ಅದರಲ್ಲಿ ತೋರಿಸಲು ಮಾತ್ರ ಏನೂ ಇರಲಿಲ್ಲ. ದನಿ ಹೋದರೂ ಟಿವಿಯ ಪಕ್ಕದಲ್ಲಿ ನಿಂತು, ತನ್ನ ಪಾಠವನ್ನು ತಾನೇ ಹಾಕಿ, ಬೋರ್ಡಿನ ಮೇಲೆ ಬರೆದು ಕಲಿಸಬಹುದು, ಕೆಲಸ ಉಳಿಯುತ್ತದೆ. ಅವಳ ಲೆಕ್ಕ ಇಷ್ಟೇ ಆಗಿತ್ತು, ಮತ್ತು ಆ ಲೆಕ್ಕದಲ್ಲಿ ನನಗೆ ಆಗ ಯಾವ ತಪ್ಪೂ ಕಾಣಲಿಲ್ಲ.

ತೊಂದರೆ ಎಂದರೆ ಸದ್ದು. ಶಾಲೆಯಲ್ಲಿ ಬಿಡುವಿನ ಕೋಣೆ ಇರಲಿಲ್ಲ. ಮನೆಯಲ್ಲಿ ಅಪ್ಪ ತನ್ನ ಮಗ್ಗ ನಿಲ್ಲಿಸಿದರೂ ಓಣಿ ನಿಲ್ಲುವುದಿಲ್ಲ. ಓಣಿ ನಿಲ್ಲುತ್ತಿದ್ದುದು ಎರಡೇ ಸಂದರ್ಭಗಳಲ್ಲಿ: ಕರೆಂಟು ಹೋದಾಗ, ಮತ್ತು ಅಮಾವಾಸ್ಯೆಯಂದು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಕ್ಕೆ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಬಿಡುತ್ತಿದ್ದರು. ಆ ದಿನ ಯಾರೂ ನೇಯುವುದಿಲ್ಲ. ಅವ್ವನ ಪಾಠಗಳೆಲ್ಲ ಆ ಎರಡು ಮೌನಗಳಲ್ಲಿ ಆದವು. ಕರೆಂಟು ಹೋದಾಗ ದೀಪ ಇರುವುದಿಲ್ಲವಾದ್ದರಿಂದ ಅಡುಗೆಮನೆಯ ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲೇ ಗತಿ. ಆ ಬಿಸಿಲಿನ ತುಂಡು ಗೋಡೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಸರಿಯುತ್ತಿತ್ತು. ನಾವು ಕರಿಹಲಗೆಯನ್ನು ಮೊಳೆಯಿಂದ ಮೊಳೆಗೆ ಅದರ ಹಿಂದೆ ಸರಿಸುತ್ತಿದ್ದೆವು. ನಾನು ಹಿಟ್ಟಿನ ಡಬ್ಬಿಯ ಮೇಲೆ ಫೋನಿಟ್ಟು ಹಿಡಿದುಕೊಳ್ಳುತ್ತಿದ್ದೆ. ದಿನಪತ್ರಿಕೆ ಬಂದ ಕೂಡಲೇ ನಾನು ಮೊದಲು ನೋಡುತ್ತಿದ್ದುದು ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು. ಬೆಟಗೇರಿಯ ಹೆಸರಿದ್ದರೆ ಅವ್ವ ಅರ್ಧ ದಿನದ ರಜೆ ಹಾಕುತ್ತಿದ್ದಳು. ಅಪ್ಪನೂ ಅದೇ ಪ್ರಕಟಣೆಯನ್ನು ಓದುತ್ತಿದ್ದ. ಒಂದೇ ಸುದ್ದಿಗೆ ಒಬ್ಬರ ಮುಖ ಇಳಿಯುತ್ತಿತ್ತು, ಇನ್ನೊಬ್ಬರದು ಏರುತ್ತಿತ್ತು.

"ಕರೆಂಟ್ ಹೋದ್ರ ಊರ ಮಂದಿ ಬೈತಾರ," ಅಪ್ಪ ಹೇಳುತ್ತಿದ್ದ. "ಈಕಿ ಒಬ್ಬಾಕಿ ಕೈ ಮುಗೀತಾಳ."

"ನಿಮ್ಮ ಮಗ್ಗ ನಾಳೆ ಮತ್ತ ಸುರು ಆಕ್ಕಾವ್ರಿ," ಅವ್ವ ಅನ್ನುತ್ತಿದ್ದಳು. "ನನ್ನ ಗಂಟ್ಲದ ಖಾತ್ರಿ ಯಾರ ಕೊಡ್ತಾರ?"

ಆಯಿಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತ್ತು. ಅಮಾವಾಸ್ಯೆಯ ದಿನ ಹೋಳಿಗೆಯ ಹೂರಣ ರುಬ್ಬುವುದನ್ನು ಬಿಟ್ಟು ಸೊಸೆ ಗೋಡೆಯ ಮುಂದೆ ನಿಂತು ತ್ರಿಭುಜ ಬರೆಯುವುದು ಆಕೆಗೆ ಸಹಿಸಲಾಗದ ಸಂಗತಿ.

"ಫೋನಿಗೆ ಪಾಠ ಹೇಳಾಕತ್ತಾಳ. ಪಾಸ್ ಆಗೂದು ಹುಡುಗ್ರೋ, ಫೋನೋ?"

"ಎರಡೂ ಆಗ್ಲಿ ಬಿಡ್ರಿ ಅತ್ತಿ."

"ಫೋನ್ ಪಾಸ್ ಆತಂದ್ರ ಅದಕ್ಕ ಹೋಳಗಿ ನೀನ ಮಾಡಿ ಹಾಕು."

ಹಾಗೆ ಅಂದವಳೇ ಹೂರಣವನ್ನು ತಾನೇ ರುಬ್ಬಿದಳು. ಆಮೇಲಿನ ಅಮಾವಾಸ್ಯೆಗಳಲ್ಲಿ ಹೊಸ್ತಿಲ ಮೇಲೆ ಕೂತು ಕಾವಲು ಕಾಯತೊಡಗಿದಳು. ಕಾಯಿಪಲ್ಲೆಯವನು ಕೂಗುತ್ತ ಬಂದರೆ, "ಏ ತಮ್ಮಾ, ಒದರಬ್ಯಾಡ. ಒಳಗ ಸಾಲಿ ನಡದೈತಿ," ಎಂದು ಅವನಿಗಿಂತ ದೊಡ್ಡ ದನಿಯಲ್ಲಿ ಒದರುವಳು. ಒಂದು ವಿಡಿಯೋದಲ್ಲಿ ಆ ಮಾತು ಸ್ಪಷ್ಟವಾಗಿ ಸೇರಿಕೊಂಡಿತ್ತು. ಅವ್ವ ನಕ್ಕು, ಇರಲಿ ಬಿಡು, ಮುಂದೆ ಹೋಗೋಣ ಎಂದಳು.

ಆ ವಿಡಿಯೋಗಳಲ್ಲೂ ಅವ್ವ ತನ್ನ ಪದ್ಧತಿ ಬಿಡಲಿಲ್ಲ. ಪ್ರಶ್ನೆ ಕೇಳಿ ನಿಲ್ಲುವಳು. ಎದುರಿಗೆ ತರಗತಿ ಇಲ್ಲ, ಫೋನಿನ ಹಿಂದೆ ನಾನು ಒಬ್ಬಳೇ. ಎಷ್ಟು ಹೊತ್ತು ಕಾಯಬೇಕೆಂದು ಅವಳಿಗೆ ತಿಳಿಯುತ್ತಿದ್ದುದು ನನ್ನ ಮುಖದಿಂದ. ಅದು ನಾನು ಇನ್ನೂ ಓದದ ಮುಂದಿನ ವರ್ಷದ ಪಾಠ; ನನಗೆ ನಿಜವಾಗಿ ಗೊತ್ತಿರುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಯೋಚಿಸುತ್ತಿದ್ದೆ. ಆ ಬಿಡುವಿನಲ್ಲಿ ಪಾರಿವಾಳದ ಗುಟುರು, ಆಯಿಯ ಬಳೆ, ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವುದು ಎಲ್ಲ ಕೇಳುತ್ತಿತ್ತು. ತಿಳಿದಾಗ ನಾನು ತಲೆ ಆಡಿಸುತ್ತಿದ್ದೆ, ಅವ್ವ ಮುಂದುವರಿಯುತ್ತಿದ್ದಳು. ಹೀಗೆ ಹತ್ತನೆಯ ತರಗತಿಯ ಗಣಿತವೆಲ್ಲ ನನ್ನ ನಿಧಾನಕ್ಕೆ ತಕ್ಕಂತೆ ಅಳೆದು ಇಟ್ಟಂತಾಯಿತು.

ಕೊನೆಗೆ ಉಳಿದದ್ದು ತ್ರಿಕೋನಮಿತಿ. ಅದನ್ನು ಬೇಸಿಗೆಯ ಅಮಾವಾಸ್ಯೆಗೆ ಇಟ್ಟುಕೊಂಡಿದ್ದಳು. ಆದರೆ ಡಾಕ್ಟರು ಅದಕ್ಕಿಂತ ಮೊದಲೇ ಬರಹೇಳಿದರು. ಆ ವಾರ ಕರೆಂಟು ಒಮ್ಮೆಯೂ ಹೋಗಲಿಲ್ಲ. ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ ಅಪ್ಪ ಯಾರಿಗೂ ಹೇಳದೆ ಎದ್ದು ತನ್ನ ಮಗ್ಗಗಳ ಸ್ವಿಚ್ಚು ಇಳಿಸಿದ. ಅಂಗಿ ತೊಟ್ಟು ಹೊರಗೆ ಹೋದ. ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು, ಒಂದು ತಾಸು ನಿಲ್ಲಿಸಿರೆಂದು ಕೇಳಿದ. ಅಪ್ಪ ಯಾರ ಬಾಗಿಲಿಗೂ ಏನನ್ನೂ ಕೇಳಲು ಹೋದವನಲ್ಲ. ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡಿದೆ. ಒಂದೊಂದಾಗಿ ಸದ್ದು ಕಳಚುತ್ತ ಬಂತು. ಓಣಿಯ ತುದಿಯ ಮನೆಯಲ್ಲಿ ಮಾತ್ರ ಸದ್ದು ನಿಲ್ಲಲಿಲ್ಲ. ಆ ಮನೆಯವನು ಅಪ್ಪನ ಜೊತೆಗೇ ಬೆಳೆದವನು. ಸದ್ದಿನ ನಡುವೆ ಅವನ ಮಾತು ಕೇಳುತ್ತಿರಲಿಲ್ಲ, ಆದರೆ ಅವನ ತುಟಿ ನನಗೆ ಕಾಣುತ್ತಿತ್ತು.

"ಯಾಕಲೇ, ನಿನ್ನ ಹೆಣ್ತಿ ಸಿನಿಮಾ ಮಾಡಾಕತ್ತಾಳೇನು? ನನಗೂ ಒಂದ ಪಾರ್ಟ್ ಕೊಡಂತ ಹೇಳು, ನಿಲ್ಲಸ್ತೇನಿ."

ಅಪ್ಪ ಏನೋ ಹೇಳಿದ. ಅವನ ಬೆನ್ನು ನನ್ನ ಕಡೆಗಿತ್ತು. ಬಹಳ ಹೊತ್ತಿನ ಮೇಲೆ ಆ ಮಗ್ಗವೂ ನಿಂತಿತು. ನಾನು ಓಡಿ ಒಳಗೆ ಬಂದು ಫೋನು ಹಿಡಿದೆ. ಅವ್ವ ಹಲಗೆಯ ಮೇಲೆ ಗೋಡೆ, ನೆಲ, ಗೋಡೆಗೆ ಒರಗಿಸಿದ ಏಣಿ ಬರೆದು ಸಿದ್ಧಳಾಗಿ ನಿಂತಿದ್ದಳು. ಬಾಯಿ ತೆರೆದಳು. ಮೊದಲ ಮಾತು ಅರ್ಧ ಬಂತು, ಉಳಿದರ್ಧ ಬರಲಿಲ್ಲ. ನೀರು ಕುಡಿದು ಮತ್ತೆ ಮಾತಾಡಿ ನೋಡಿದಳು. ಆಯಿ ಬಿಸಿ ಹಾಲಿಗೆ ಅರಿಸಿನ ಹಾಕಿ ತಂದಳು. ಹೊರಗೆ ಇಡೀ ಓಣಿ ನಮಗಾಗಿ ಸುಮ್ಮನಿತ್ತು. ಒಂದು ತಾಸು ಮುಗಿಯುವ ಮೊದಲೇ ಅವ್ವ ಸೀಮೆಸುಣ್ಣ ಕೆಳಗಿಟ್ಟು, ಓಣಿಯವರಿಗೆ ಮಗ್ಗ ಸುರು ಮಾಡಲು ಹೇಳಿರೆಂದು ಅಪ್ಪನ ಕಡೆ ನೋಡಿ ಕೈ ಮಾಡಿದಳು.

ಹುಬ್ಬಳ್ಳಿಯಿಂದ ಬಂದಾಗ ಅವಳ ಕುತ್ತಿಗೆಗೆ ಹತ್ತಿಪಟ್ಟಿ ಇತ್ತು, ದನಿ ಇರಲಿಲ್ಲ. ಗಾಯ ಮಾಯಿತು, ದನಿ ಬರಲಿಲ್ಲ. ಉಸಿರು ಮಾತ್ರ ಹೊರಡುತ್ತಿತ್ತು. ವಿಚಿತ್ರವೆಂದರೆ ಮನೆಯಲ್ಲಿ ಅದು ಅಷ್ಟಾಗಿ ಗೊತ್ತಾಗಲಿಲ್ಲ. ಮಗ್ಗ ಓಡುವಾಗ ಆಯಿ ಮೊದಲಿನಂತೆಯೇ ತುಟಿಯಲ್ಲಿ ಜಗಳಾಡುತ್ತಿದ್ದಳು, ಅವ್ವ ಮೊದಲಿನಂತೆಯೇ ಉತ್ತರ ಕೊಡುತ್ತಿದ್ದಳು. ಗೊತ್ತಾಗುತ್ತಿದ್ದುದು ಕರೆಂಟು ಹೋದಾಗ. ಮೊದಲು ನಾವು ಕಾದುಕೊಂಡಿರುತ್ತಿದ್ದ ಆ ಮೌನ ಬಂದ ಕೂಡಲೇ ಆಯಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು, ಅಪ್ಪ ಕೆಮ್ಮುತ್ತಿದ್ದ. ನಾನು ವಿದ್ಯುತ್ ಪ್ರಕಟಣೆ ಓದುವುದನ್ನು ಬಿಟ್ಟೆ.

ಜೂನಿನಲ್ಲಿ ನಾನು ಹತ್ತನೆಯ ತರಗತಿಯಲ್ಲಿ ಕೂತೆ. ಅವ್ವ ಟಿವಿಯ ಪಕ್ಕದಲ್ಲಿ ರಿಮೋಟು ಹಿಡಿದು ನಿಂತಳು. ಗೋಡೆಯಿಂದ ಅವಳ ಹಳೆಯ ದನಿ ಬಂತು. ಅದು ಬಂದಾಗ ಹುಡುಗಿಯರು ನನ್ನ ಕಡೆ ತಿರುಗಿ ನೋಡಿದರು. ನಾನು ಪುಸ್ತಕ ನೋಡುತ್ತಿದ್ದೆ. "ಹೌದಲ್ಲೋ? ಇನ್ನ ಮುಂದ ಏನ ಬರತೈತಿ?" ಎಂದು ಟಿವಿ ಕೇಳಿತು. ಕೇಳಿದ ಮರುಕ್ಷಣವೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋಯಿತು. ನಾನು ತಲೆ ಎತ್ತಿದೆ. ಬಿಡುವು ಇರಲಿಲ್ಲ. ಪಾರಿವಾಳ ಇರಲಿಲ್ಲ, ಆಯಿಯ ಬಳೆ ಇರಲಿಲ್ಲ. ವಿಡಿಯೋದಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ಬಿಸಿಲಿನ ತುಂಡು ಸರಿಯುವುದನ್ನು ಬಿಟ್ಟು ಜಿಗಿಯುತ್ತಿತ್ತು. ಅವ್ವನಿಗೂ ಆಗಲೇ ಗೊತ್ತಾದದ್ದು. ವಿಡಿಯೋಗಳನ್ನು ಟಿವಿಗೆ ಹಾಕಲು ಕೊಟ್ಟದ್ದು ಶಾಲೆಯ ಕಂಪ್ಯೂಟರ್ ಮಾಸ್ತರರಿಗೆ. ಅವರು ಒಳ್ಳೆಯವರು. ಬೇಸಿಗೆಯ ಸೂಟಿಯೆಲ್ಲ ಕೂತು ಕೆಲಸ ಮಾಡಿದ್ದರು. ಪಾಠ ಮುಗಿದ ಮೇಲೆ ಬಾಗಿಲಿಗೆ ಬಂದು, ಮೆಚ್ಚುಗೆಗೆ ಕಾದವರಂತೆ ನಿಂತರು.

"ಅಕ್ಕಾರ, ನಡುನಡುವ ಭಾಳ ಖಾಲಿ ಇತ್ರಿ. ನೀವು ಕೇಳ್ತಿದ್ರಿ, ಆಮ್ಯಾಲೆ ಏನೂ ಇಲ್ಲ, ಸುಮ್ಮನ ನಿಂತಿರ್ತಿದ್ರಿ. ಎಲ್ಲಾ ತಗದು ಸ್ವಚ್ಛ ಮಾಡೇನಿ. ಈಗ ಒಂದ ತಾಸಿನಾಗ ಎರಡ ಪಾಠ ಕುಂಡ್ರತಾವ ನೋಡ್ರಿ."

ಮೊದಲಿನ ಪ್ರತಿಗಳು ಅವರ ಬಳಿ ಉಳಿದಿರಲಿಲ್ಲ. ನಮ್ಮ ಫೋನಿನಲ್ಲಿ ಜಾಗ ಸಾಲದೆ ನಾವು ಒಂದೊಂದನ್ನು ಕೊಟ್ಟಂತೆ ಅಳಿಸುತ್ತ ಬಂದಿದ್ದೆವು. ಅವ್ವ ಅವರಿಗೆ ಕೈ ಮುಗಿದಳು. ಮರುದಿನದಿಂದ ಅವಳು ಮಾಡಿದ್ದು ಇಷ್ಟು: ಟಿವಿ ಪ್ರಶ್ನೆ ಕೇಳಿದ ಕೂಡಲೇ ರಿಮೋಟಿನ ಗುಂಡಿ ಒತ್ತಿ ತನ್ನನ್ನು ತಾನು ನಿಲ್ಲಿಸುತ್ತಿದ್ದಳು. ಗೋಡೆಯ ಮೇಲಿನ ಅವ್ವ ಬಾಯಿ ತೆರೆದಂತೆಯೇ ನಿಲ್ಲುತ್ತಿದ್ದಳು. ನೆಲದ ಮೇಲಿನ ಅವ್ವ ನಮ್ಮ ಮುಖಗಳನ್ನು ನೋಡುತ್ತಿದ್ದಳು. ಹಿಂದಿನ ಬೆಂಚಿಗೂ ತಿಳಿಯಿತೆಂದಾಗ ಮತ್ತೆ ಒತ್ತುವಳು. ಕತ್ತರಿಸಿದ ಬಿಡುವುಗಳನ್ನೆಲ್ಲ ಅವಳು ಹೆಬ್ಬೆರಳಿನಿಂದ ಮತ್ತೆ ಹಾಕಿದಳು. ಮಳೆಗಾಲ ಹಾಗೆ ನಡೆಯಿತು. ಮಕ್ಕಳಿಗೆ ತಿಳಿಯುತ್ತಿತ್ತು. ಕೆಲಸ ಉಳಿಯಿತೆಂದು ಅಪ್ಪ ನಂಬಿದ, ನಾನೂ ನಂಬಿದೆ.

ಮಹಾನವಮಿಯ ಸೂಟಿಗೆ ಸ್ವಲ್ಪ ಮೊದಲು, ಒಂದು ಭಾನುವಾರ, ನಮ್ಮ ಮನೆಗೆ ಒಬ್ಬರು ಬಂದರು. ಮುಂಡರಗಿಯ ಶಾಲೆಯ ಗಣಿತದ ಮಾಸ್ತರರು. ಹಮ್ಮಿಗಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದವರು. ಪಡಸಾಲೆಯ ಜಮಖಾನದ ಮೇಲೆ ಕಾಲು ಮಡಚಿ ಕೂತರು. ಮಗ್ಗದ ಸದ್ದಿಗೆ ಕೂಗಿ ಮಾತಾಡಬೇಕಾಗಿ ಬಂದದ್ದು ಅವರಿಗೆ ಸಂಕೋಚವಾಗಿತ್ತು. ಅಪ್ಪ ಎದ್ದು ಹೋಗಿ ನಮ್ಮ ಮಗ್ಗ ನಿಲ್ಲಿಸಿದ. ಆಯಿ ಚಹಾ ಕೊಟ್ಟಳು.

"ಅಕ್ಕಾರ, ನಿಮ್ಮ ಪಾಠ ನಾನೂ ಕುಂತು ನೋಡಿನ್ರಿ," ಎಂದರು. "ಸುಳ್ಳ ಯಾಕ ಹೇಳ್ಲಿ, ಛಲೋ ಅದಾವ. ಕೆಟ್ಟ ಇದ್ದಿದ್ರ ನಿಮ್ಮ ಕಡೆ ಬರ್ತಿದ್ದಿಲ್ಲ, ಸಂಸ್ಥೆದವರ ಕಡೆನ ಹೋಗಿ ಜಗಳಾ ಮಾಡ್ತಿದ್ದೆ."

ಅವ್ವನ ತುಟಿ ನೋಡಿ ನಾನು ಕೇಳಿದೆ: "ನಮ್ಮ ಪಾಠ ಮುಂಡರಗ್ಯಾಗ ಹೆಂಗ ಬಂದ್ವು ಅಂತ ಕೇಳಾಕತ್ತಾಳ್ರಿ."

"ನಿಮಗ ಖಬರ ಇಲ್ಲೇನ್ರಿ? ಶಿರಹಟ್ಟಿಗೂ ಕಳಸ್ಯಾರ, ಲಕ್ಷ್ಮೇಶ್ವರಕ್ಕೂ ಕಳಸ್ಯಾರ. ಟಿವಿ ಹಚ್ಚಾಕ ಜವಾನ ಸಾಕು ಅಂದ್ರು. ಸೂಟಿ ಆದ ಮ್ಯಾಲೆ ಬರೂದು ಬ್ಯಾಡ ಅಂತ ನನಗ ಹೇಳ್ಯಾರ. ನೀವು ಒಂದ ಮಾತ ಹೇಳಿದ್ರ ಕೇಳ್ತಾರೇನೋ ಅಂತ ಬಂದೆ."

ಹೇಳಿ ಮುಗಿಸಿದ ಮೇಲೆ, ಮಾತು ಹೇಳಲು ಕೇಳಿದ್ದು ಯಾರನ್ನು ಎಂಬುದು ಅವರಿಗೆ ಹೊಳೆದಿರಬೇಕು. ಚಹಾದ ಬಸಿಯನ್ನು ಕೆಳಗಿಟ್ಟರು. ಅವ್ವ ಅವರಿಗೆ ಭರವಸೆ ಕೊಡಲಿಲ್ಲ. ನಾಳೆ ಸಂಸ್ಥೆಯವರ ಕಡೆ ಹೋಗುತ್ತೇನೆ ಎಂದಷ್ಟೇ ನನ್ನಿಂದ ಹೇಳಿಸಿದಳು. ಅವರು ಹೊರಟಾಗ ಹಮ್ಮಿಗಿಯ ಬಸ್ಸು ತಪ್ಪೀತೆಂದು ಆಯಿ ಅವಸರ ಮಾಡಿ, ಮನೆಗೆ ಒಯ್ಯಲು ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು.

ಮರುದಿನ ಅವ್ವ ನನ್ನನ್ನು ತರಗತಿಯಿಂದ ಕರೆದುಕೊಂಡು ಸಂಸ್ಥೆಯ ಕಾರ್ಯದರ್ಶಿಯ ಕೋಣೆಗೆ ಹೋದಳು. ಅವರಿಗೆ ತುಟಿ ಓದಲು ಬರುವುದಿಲ್ಲ. ನಾನು ಅವಳ ದನಿಯಾಗಬೇಕಿತ್ತು. ಫ್ಯಾನಿನ ಕೆಳಗೆ ನಿಂತು ಅವ್ವ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಪಾಠ ನಿಲ್ಲಿಸಿ ಮಕ್ಕಳ ಮುಖ ನೋಡುವವರು ಬೇಕು, ಇಲ್ಲದಿದ್ದರೆ ಅದು ಪಾಠವಲ್ಲ, ಮುಂಡರಗಿಯವರನ್ನು ಬಿಡಬೇಡಿ ಎಂದೆ. ಕಾರ್ಯದರ್ಶಿಗಳು ಅವ್ವನನ್ನು ನೋಡದೆ ನನ್ನನ್ನು ನೋಡಿಯೇ ಕೇಳಿಸಿಕೊಂಡರು.

"ನಡುವ ನಿಲ್ಲಸೂದು ಯಾಕವ್ವ? ಛಲೋ ಓಡಾಕತ್ತೇತಿ. ನಿಮ್ಮವ್ವಗ ಹೇಳು, ಅಕ್ಕಾರು ಮಾಡಿದ ಉಪಕಾರ ನಾವು ಮರಿಯಂಗಿಲ್ಲ. ಪಾಪ, ಎಷ್ಟಂತ ನಿಂದರ್ತಾರ ಅವರೂ. ಸೂಟಿ ಆದ ಮ್ಯಾಲೆ ಮನ್ಯಾಗ ಆರಾಮ ತಗೋಳ್ಳಿ. ಅವರ ಪಾಠ ನಮ್ಮ ಕಡೆ ಅದಾವಲ್ಲ."

ನಿಮ್ಮವ್ವಗ ಹೇಳು ಎಂದರು. ಅವ್ವ ಕಿವುಡಿಯಾಗಿರಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತ್ರಿಕೋನಮಿತಿ ಇನ್ನೂ ಆಗಿಲ್ಲ ಎಂದು ಅವಳ ತುಟಿ ಹೇಳಿತು. ನಾನು ಅದನ್ನೂ ಹೇಳಿದೆ. ಅದು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ಅವರು ಎದ್ದರು.

ಸೂಟಿಯ ನಂತರ ತರಗತಿಗೆ ಜವಾನ ಬಂದು ಟಿವಿ ಹಚ್ಚಿ ಹೋಗುತ್ತಿದ್ದ. ಅವ್ವನ ದನಿ ಪ್ರಶ್ನೆ ಕೇಳುತ್ತಿತ್ತು, ಉತ್ತರ ಹೇಳುತ್ತಿತ್ತು, ಮುಂದೆ ಹೋಗುತ್ತಿತ್ತು. ಮೊದಮೊದಲು ಹಿಂದಿನ ಬೆಂಚಿನವರು ಅಭ್ಯಾಸಬಲದಿಂದ ಉತ್ತರ ಯೋಚಿಸುತ್ತಿದ್ದರು. ಅಷ್ಟರಲ್ಲಿ ಹಲಗೆ ತುಂಬಿರುತ್ತಿತ್ತು. ಆಮೇಲೆ ಯೋಚಿಸುವುದನ್ನು ಬಿಟ್ಟರು. ಒಬ್ಬಳು ನನ್ನ ಕಡೆ ಬಗ್ಗಿ, "ನಿಮ್ಮವ್ವಗ ಒಂಚೂರು ನಿಂದ್ರು ಅಂತ ಹೇಳವಾ," ಎಂದಳು. ಚೇಷ್ಟೆಗೆ ಅಂದದ್ದಲ್ಲ. ತ್ರಿಕೋನಮಿತಿ ಬಂದಾಗ ಬೇರೆ ಯಾರದೋ ದನಿ ಬಂತು. ಆತ ನಮ್ಮ ಕಡೆಯ ಮಾತಾಡುತ್ತಿರಲಿಲ್ಲ. ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಮುಂಡರಗಿಯ ಮಾಸ್ತರರು ಹಮ್ಮಿಗಿಯಲ್ಲಿ ಹೊಲ ನೋಡಿಕೊಂಡಿದ್ದಾರೆಂದು ಆಮೇಲೆ ಯಾರೋ ಹೇಳಿದರು.

ಅವ್ವ ಆಯಿಯ ಎದುರಿಗೆ ಇನ್ನೊಂದು ರಾಟಿ ಹಾಕಿಕೊಂಡು ಕಂಡಕಿ ಸುತ್ತತೊಡಗಿದಳು. ನೂಲು ಹರಿದರೆ ಆಯಿ ಬಯ್ಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪುಸ್ತಕ ಹರಡಿಕೊಂಡು, ಅದೇ ತ್ರಿಕೋನಮಿತಿಯ ಮುಂದೆ ಏನೂ ತಿಳಿಯದೆ ಕೂತಿದ್ದಾಗ ಕರೆಂಟು ಹೋಯಿತು. ಓಣಿ ಸ್ತಬ್ಧವಾಯಿತು. ಆಯಿ ಪಾತ್ರೆ ಹುಡುಕುತ್ತ ಎದ್ದಳು. ಅವ್ವ ಕೈ ಎತ್ತಿ ಅವಳನ್ನು ತಡೆದಳು. ಒಳಗೆ ಬಂದು, ಹಿಟ್ಟಿನ ಡಬ್ಬಿಯ ಹಿಂದೆ ತಿರುಗಿಸಿಟ್ಟಿದ್ದ ಕರಿಹಲಗೆಯನ್ನು ಒರೆಸಿ, ಬೆಳಕಿಂಡಿಯ ಬಿಸಿಲು ಬಿದ್ದ ಮೊಳೆಗೆ ತೂಗುಹಾಕಿದಳು. ನಾನು ಫೋನು ತೆಗೆದುಕೊಳ್ಳಲು ಹೋದೆ. ಬೇಡ ಎಂದು ತಲೆ ಅಲ್ಲಾಡಿಸಿದಳು. ಗೋಡೆ ಬರೆದಳು, ನೆಲ ಬರೆದಳು, ಒರಗಿಸಿದ ಏಣಿ ಬರೆದಳು. ಏಣಿಯ ಉದ್ದ ಹತ್ತು ಎಂದು ಬರೆದು, ಏಣಿ ನೆಲದೊಂದಿಗೆ ಮಾಡುವ ಕೋನ ಅರವತ್ತು ಎಂದು ಬರೆದಳು. ನೆಲದಿಂದ ಏಣಿ ಗೋಡೆಯನ್ನು ಮುಟ್ಟಿದಲ್ಲಿಯವರೆಗಿನ ಎತ್ತರದ ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದಳು. ಸೀಮೆಸುಣ್ಣ ಹಿಡಿದ ಕೈಯನ್ನು ಇಳಿಬಿಟ್ಟು ನನ್ನ ಕಡೆ ತಿರುಗಿ ನಿಂತಳು.

ಎಷ್ಟು ಹೊತ್ತು ನಿಂತಳೋ ತಿಳಿಯದು. ಬಿಸಿಲು ಹಲಗೆಯಿಂದ ಜಾರಿ ಗೋಡೆಗೆ ಹೋಯಿತು. ಅವಳು ಹಲಗೆ ಸರಿಸಲಿಲ್ಲ. ಒಮ್ಮೆಲೇ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಕೂಡಿ ಸುರುವಾದವು, ಸ್ಟೀಲಿನ ಲೋಟಗಳು ನಡುಗಿದವು. ನಾನು ಐದು ಎಂದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಅವ್ವ ನನ್ನ ತುಟಿ ನೋಡಿದಳು. ತಪ್ಪು ಎಂದು ತಲೆ ಅಲ್ಲಾಡಿಸಿದಳು, ಮತ್ತೆ ಕಾಯತೊಡಗಿದಳು.